ಗೋವಿನಜೋಳದ ಕಳೆನಾಶಕಕ್ಕೆ ಅಂಟು ಬೆರೆಸುವ ಬಗ್ಗೆ ಕಾಕಾ ಅವರಿಗೆ ಉತ್ತರ

ಕಾಕಾ, ಗೋವಿನಜೋಳಕ್ಕೆ ಹೊಡೆಯುವ ಕಳೆನಾಶಕದ ಜೊತೆ ಅಂಗಡಿಯವರು ಕೊಟ್ಟ ಅಂಟನ್ನು (ಔಷಧದ ಹನಿ ಎಲೆಗೆ ಹಿಡಿಯಲೆಂದು ಬೆರೆಸುವ ದ್ರವ) ಬೆರೆಸಬೇಕೋ, ಅದು ಬರೀ ಖರ್ಚೋ ಎಂದು ನೀವು ನಿನ್ನೆ ಕೇಳಿದ್ದಿರಿ. ಯುರೋಪಿನಲ್ಲಿ ಸಕ್ಕರೆ ಬೀಟ್ ಬೆಳೆಗೆ ಕಳೆನಾಶಕದೊಡನೆ ಎಣ್ಣೆ ಬೆರೆಸುತ್ತಾರೆ, ನಾವೂ ಹಾಗೆಯೇ ಮಾಡೋಣ ಎಂದು ತಮ್ಮ ಅದರ ಕೆಳಗೆ ಬರೆದಿದ್ದಾನೆ. ನನ್ನ ತಿಳಿವಳಿಕೆಯಂತೆ ಇದನ್ನು ತೀರ್ಮಾನಿಸಬೇಕಾದದ್ದು ನೀವು ತಂದಿರುವ ಕಳೆನಾಶಕವನ್ನು ನೋಡಿ, ಅಂಟಿನ ಬಾಟಲಿಯನ್ನು ನೋಡಿ ಅಲ್ಲ.

ಬಿತ್ತಿದ ಒಂದೆರಡು ದಿನದಲ್ಲಿ ಹಸಿ ನೆಲದ ಮೇಲೆ ಅಟ್ರಾಜಿನ್ ಹೊಡೆಯುವುದಾದರೆ ಅಂಟು ಬೇಕಿಲ್ಲ. ಅದು ಮಣ್ಣಿನಲ್ಲಿದ್ದು ಮೊಳೆಯುವ ಕಳೆಯ ಬೇರಿಗೆ ತಾಗುವ ಔಷಧ. ಆಗ ಹೊಲದಲ್ಲಿ ಅಂಟಿಕೊಳ್ಳಲು ಎಲೆಯೇ ಇರುವುದಿಲ್ಲ.

ಕಳೆ ಹುಟ್ಟಿ ಎರಡರಿಂದ ನಾಲ್ಕು ಎಲೆ ಬಿಟ್ಟ ಮೇಲೆ ಹೊಡೆಯುವ ಔಷಧಗಳ ಮಾತೇ ಬೇರೆ. ಎಲೆಯ ಮೇಲೆ ಮೇಣದ ಪದರ ಇರುವುದರಿಂದ ಬರೀ ನೀರಿನ ಹನಿ ಗುಂಡಗೆ ನಿಂತು ಉರುಳಿ ಬೀಳುತ್ತದೆ. ಹನಿಯನ್ನು ಹರಡಿಸುವುದು ಒಂದು ಕೆಲಸ, ಮೇಣವನ್ನು ಮೆತ್ತಗೆ ಮಾಡಿ ಔಷಧವನ್ನು ಒಳಗೆ ಇಳಿಸುವುದು ಇನ್ನೊಂದು ಕೆಲಸ; ಅಂಗಡಿಯಲ್ಲಿ ಎರಡನ್ನೂ ಸ್ಟಿಕರ್ ಎಂದೇ ಕೊಡುತ್ತಾರೆ. ಇಂಥ ಔಷಧಗಳಲ್ಲೊಂದಾದ ಟೆಂಬೊಟ್ರಿಯೋನ್ ಎಕರೆಗೆ ಸುಮಾರು 115 ಮಿ.ಲೀ. ಆದರೆ ಅದರ ಜೊತೆಗೆ ಬೆರೆಸುವ ಸರ್ಫ್ಯಾಕ್ಟಂಟ್ (ಈ ಕೆಲಸದ ದ್ರವ) ಸುಮಾರು 400 ಮಿ.ಲೀ., ಅಂದರೆ ಔಷಧಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಅದನ್ನು ಬಿಟ್ಟು ಹೊಡೆದು, ಕಸ ಸಾಯಲಿಲ್ಲ ಎಂದು ಔಷಧವನ್ನು ಬೈಯುವವರು ನಮ್ಮ ಹಾವೇರಿ ಕಡೆ ಕಡಿಮೆ ಇಲ್ಲ. ಅದೇ ಬಗೆಯ ಇನ್ನೊಂದು ಔಷಧವಾದ ಟೋಪ್ರಮೆಝೋನ್‌ಗೆ ಸಸ್ಯಜನ್ಯ ಎಣ್ಣೆಯಿಂದ ತಯಾರಿಸಿದ ಎಂ.ಎಸ್.ಓ. (ಮೀಥೈಲೇಟೆಡ್ ಸೀಡ್ ಆಯಿಲ್) ಬೇಕು, ಅದರ ಬದಲು ಕೀಟನಾಶಕಕ್ಕೆ ಬಳಸುವ ಸಾದಾ ಅಂಟು ಹಾಕಿದರೆ ಹನಿ ಎಲೆಗೆ ಅಂಟೀತು, ಔಷಧ ಒಳಗೆ ಇಳಿಯುವುದು ಅನುಮಾನ. ಸಿಲಿಕೋನ್ ಬಗೆಯದನ್ನಂತೂ ಅಳತೆ ಮೀರಿ ಹಾಕಲೇಬಾರದು, ಏಕೆಂದರೆ ದ್ರಾವಣ ಅತಿಯಾಗಿ ತೆಳುವಾಗಿ ಹರಡಿ ಎಲೆಯಿಂದ ಕೆಳಗೆ ಸೋರಿಹೋಗುತ್ತದೆ.

ತಮ್ಮ ಬರೆದದ್ದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಬೀಟ್ ಬೆಳೆಯುವವರು ಫೆನ್ಮೆಡಿಫಾಮ್, ಎಥೋಫ್ಯುಮೆಸೇಟ್ ಮುಂತಾದ ಕಳೆನಾಶಕಗಳನ್ನು ಕಳೆ ಇನ್ನೂ ಬೀಜದೆಲೆಯಲ್ಲಿರುವಾಗಲೇ ಬಹಳ ಕಡಿಮೆ ಪ್ರಮಾಣದಲ್ಲಿ, ಕೆಲವು ದಿನಗಳ ಅಂತರ ಬಿಟ್ಟು ಮತ್ತೆ ಮತ್ತೆ ಹೊಡೆಯುತ್ತಾರೆ. ಆ ಸಣ್ಣ ಪ್ರಮಾಣವೂ ಕೆಲಸ ಮಾಡಲೆಂದು ಎಣ್ಣೆ ಸೇರಿಸುತ್ತಾರೆ. ಬಿಸಿಲು ಜೋರಾದ ದಿನ ಅದೇ ಎಣ್ಣೆ ಬೀಟ್ ಎಲೆಯನ್ನೂ ಸುಡುತ್ತದೆ ಎಂದು ಅವರೂ ಸಂಜೆಯವರೆಗೆ ಕಾಯುತ್ತಾರೆ. ಗದಗಿನ ಮಾವನವರು ಇದನ್ನು ಓದುತ್ತಿದ್ದರೆ ಅವರ ಉಳ್ಳಾಗಡ್ಡಿಗೂ ಈ ಮಾತು ಸಲ್ಲುತ್ತದೆ: ಕಳೆನಾಶಕವಾದ ಆಕ್ಸಿಫ್ಲೋರ್ಫೆನ್‌ನಿಂದ ಉಳ್ಳಾಗಡ್ಡಿಯನ್ನು ಬಹುಮಟ್ಟಿಗೆ ಕಾಪಾಡುವುದು ಅದರ ಎಲೆಯ ಮೇಣವೇ ಆದ್ದರಿಂದ, ಅದರೊಡನೆ ಅಂಟು ಬೆರೆಸಿದರೆ ಕಳೆಯ ಜೊತೆ ಬೆಳೆಯೂ ಸುಟ್ಟೀತು.

ನೀರಿನ ವಿಷಯವನ್ನು ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಬೋರಿನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು 2,4-ಡಿ ಅಮೈನ್ ಲವಣದಂತಹ ಕಳೆನಾಶಕವನ್ನು ಹಿಡಿದುಕೊಂಡು ಅದರ ಶಕ್ತಿಯನ್ನು ತಗ್ಗಿಸುತ್ತವೆ. ಇದಕ್ಕೆ ಅಂಟು ಪರಿಹಾರವಲ್ಲ. ಲೇಬಲ್ ಒಪ್ಪಿದರೆ ಅಮೋನಿಯಂ ಸಲ್ಫೇಟ್ ಎಂಬ ಗೊಬ್ಬರವನ್ನು ಮೊದಲು ನೀರಿನಲ್ಲಿ ಕರಗಿಸಿ ಆಮೇಲೆ ಔಷಧ ಹಾಕಬೇಕು, ಇಲ್ಲವೇ ಮಳೆಯ ನೀರನ್ನು ಬಳಸಬೇಕು. ಅಂಟಿನ ಬದಲು ಬಟ್ಟೆ ಸೋಪಿನ ಪುಡಿ ಸಾಕು ಎಂದು ಕೆಲವರು ಹೇಳುತ್ತಾರೆ. ಪಂಪಿನ ತುಂಬ ನೊರೆ ಎದ್ದು ಅಳತೆ ತಪ್ಪುವುದರಿಂದ ಅದನ್ನು ದಯವಿಟ್ಟು ಹಾಕಬೇಡಿ.

ಕಾಕಾ, ನೀವು ತಂದ ಔಷಧದ ಹೆಸರನ್ನು ಎಲ್ಲಿಯೂ ಬರೆದಿಲ್ಲ. ಹೊಡೆಯುವ ಮೊದಲು ಡಬ್ಬಿಯ ಎರಡೂ ಬದಿಯ ಫೋಟೋ ಮತ್ತು ಅಂಟಿನ ಬಾಟಲಿಯ ಫೋಟೋ ಇಲ್ಲಿ ಹಾಕಿ. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ನಿಮಗೆ ಹತ್ತಿರವಾದರೆ ಅವನ್ನು ಅಲ್ಲಿಯೂ ಒಮ್ಮೆ ತೋರಿಸಿ.