ಬೀಟೆ ಹಲಗೆಯ ಮೇಲೆ ಪಾಲಿಯುರೆಥೇನ್ ಒಣಗುತ್ತಿಲ್ಲ

ಪ್ರಶ್ನೆ:
ಮೇಜಿನ ಹಲಗೆ ಬೀಟೆ, ಕಾಲುಗಳು ಹಲಸು. ಎರಡಕ್ಕೂ ಒಂದೇ ಡಬ್ಬದ ಆಯಿಲ್ ಬೇಸ್ ಪಾಲಿಯುರೆಥೇನ್ ಬಳಿದು ಐದು ದಿನ ಆಯಿತು. ಕಾಲುಗಳು ಮರುದಿನವೇ ಗಟ್ಟಿಯಾದವು. ಹಲಗೆ ಮೇಲೆ ಬೆರಳಿಟ್ಟರೆ ಈಗಲೂ ಗುರುತು ಬೀಳುತ್ತದೆ, ಕಪ್ಪು ಗೆರೆಗಳಿರುವ ಕಡೆ ಇನ್ನೂ ಹೆಚ್ಚು. ಕಾಯಬೇಕಾ, ಕೆರೆಯಬೇಕಾ?

ಉಜ್ಜುಗೊರಡು:
ಕೆರೆಯಿರಿ ಸರ್. ಮಳೆಗಾಲದ ತೇವ ಕಾರಣವಾಗಿದ್ದರೆ ಕಾಲುಗಳೂ ಅಂಟುತ್ತಿದ್ದವು. ಈ ಪಾಲಿಶ್ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವಂಥದ್ದು. ಬೀಟೆಯ ಚೇಗಿನಲ್ಲಿರುವ, ಅಂದರೆ ಒಳಗಿನ ಗಟ್ಟಿ ಮರದಲ್ಲಿರುವ, ಎಣ್ಣೆಯಂಥ ಸಹಜ ರಾಸಾಯನಿಕಗಳು ಆ ಕ್ರಿಯೆಯನ್ನೇ ತಡೆಯುತ್ತವೆ. ಅದರ ಮೇಲೆ ಇನ್ನೊಂದು ಕೋಟ್ ಬಳಿದರೆ ಅಡಿಯ ಅಂಟು ಹಾಗೇ ಉಳಿಯುತ್ತದೆ.

ಮೊದಲು ಸ್ಕ್ರೇಪರ್‌ನಿಂದ ಎತ್ತಿ, ಉಳಿದದ್ದನ್ನು ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ. ಅಂಟಿರುವಾಗಲೇ ಸ್ಯಾಂಡ್ ಪೇಪರ್ ಹಾಕಿದರೆ ಕಾಗದ ಕಟ್ಟಿಕೊಳ್ಳುತ್ತದೆ. ಒಣಗಿದ ಮೇಲೆ 180, ನಂತರ 220ರ ಕಾಗದ. ಮಾಸ್ಕ್ ಬೇಕೇ ಬೇಕು, ಬೀಟೆ ಪುಡಿಯಿಂದ ಚರ್ಮಕ್ಕೂ ಉಸಿರಿಗೂ ಅಲರ್ಜಿ ಆಗುತ್ತದೆ. ಆಮೇಲೆ ಅಸಿಟೋನ್ ಹಾಕಿದ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಹತ್ತುವ ನೇರಳೆ ಬಣ್ಣ ತಿಳಿಯಾಗುವವರೆಗೂ ಬಟ್ಟೆ ಬದಲಿಸುತ್ತಿರಿ. ಹತ್ತಿರ ಬೆಂಕಿ ಇರಬಾರದು.

ಒಳಗಿನ ಎಣ್ಣೆ ಮತ್ತೆ ಮೇಲೆ ಬರುವ ಮೊದಲೇ, ಅರ್ಧ ಗಂಟೆಯೊಳಗೆ, ಶೆಲ್ಯಾಕ್ (ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು) ಹಚ್ಚಿ. ಕಾಲು ಲೀಟರ್ ಸ್ಪಿರಿಟ್‌ಗೆ 30 ಗ್ರಾಂ ಅರಗಿನ ಚಕ್ಕೆ, ತೆಳುವಾಗಿ ಎರಡು ಕೋಟ್. ಸ್ಪಿರಿಟ್ ಆರಿದರೆ ಸಾಕು ಶೆಲ್ಯಾಕ್ ಗಟ್ಟಿಯಾಗುತ್ತದೆ, ಹಾಗಾಗಿ ಬೀಟೆಯ ಆಟ ಅದರ ಮುಂದೆ ನಡೆಯುವುದಿಲ್ಲ. ಮರುದಿನ 320ರಲ್ಲಿ ಹಗುರವಾಗಿ ಉಜ್ಜಿ ಪಾಲಿಯುರೆಥೇನ್ ಬಳಿಯಿರಿ.

ಚಿಕ್ಕಉಳಿ:
ಒಂದು ಸೇರಿಸುತ್ತೇನೆ. ಚಕ್ಕೆ ಮೇಣ ತೆಗೆದದ್ದೇ ಆಗಿರಲಿ. ಮೇಣವಿದ್ದರೆ ಮೇಲಿನ ಪದರ ಹಿಡಿಯದೆ ಸಿಪ್ಪೆಯಂತೆ ಏಳುತ್ತದೆ. ಅಂಗಡಿಯಲ್ಲಿ ಮಾಮೂಲಿ ಚಕ್ಕೆಯೇ ಸಿಕ್ಕರೆ, ಕರಗಿಸಿ ಗಾಜಿನ ಬಾಟಲಿಯಲ್ಲಿ ಕೆಲವು ದಿನ ಅಲುಗಿಸದೆ ಇಡಿ. ಮೋಡದಂಥ ಮೇಣ ತಳಕ್ಕೆ ಇಳಿಯುತ್ತದೆ, ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ.

ಪ್ರಶ್ನೆ ಕೇಳಿದವರು:
ಧನ್ಯವಾದ. ಹಲಗೆಯ ಅಂಚಿನಲ್ಲಿ ಮೈಸೂರು ಇನ್‌ಲೇ ಥರ ಬಿಳಿ ಮರದ ಪಟ್ಟಿ ಕೂರಿಸಿದೆ. ಅಸಿಟೋನ್ ಅದಕ್ಕೆ ತೊಂದರೆ ಕೊಡುತ್ತದಾ?

ಚಿಕ್ಕಉಳಿ:
ಬೀಟೆಯ ಬಣ್ಣ ಹರಿದು ಪಟ್ಟಿ ಕೊಳೆಯಾದಂತೆ ಕಾಣುತ್ತದೆ. ಸ್ಪಿರಿಟ್‌ಗೂ ಆ ಬಣ್ಣ ಕರಗುತ್ತದೆ. ಅಸಿಟೋನ್‌ಗೆ ಮುಂಚೆಯೇ ಸಣ್ಣ ಬ್ರಶ್‌ನಿಂದ ಪಟ್ಟಿಗೆ ಮಾತ್ರ ಎರಡು ಕೋಟ್ ಶೆಲ್ಯಾಕ್ ಕೊಟ್ಟು ಆರಲು ಬಿಡಿ. ಪಟ್ಟಿಯ ಅಂಚಿನಲ್ಲಿ ಬಟ್ಟೆಯನ್ನು ಅಡ್ಡ ಎಳೆಯದೆ ಉದ್ದಕ್ಕೇ ಒರೆಸಿ. ಉಜ್ಜಿದ ಪುಡಿಯನ್ನೂ ಬಟ್ಟೆಯಿಂದ ಒರೆಸಬೇಡಿ, ಬಿಳಿ ಮರದ ರಂಧ್ರಗಳಲ್ಲಿ ಕೂರುತ್ತದೆ, ವ್ಯಾಕ್ಯೂಮ್‌ನಲ್ಲಿ ಎಳೆಯಿರಿ. ಎಲ್ಲವನ್ನೂ ಮೊದಲು ಹಲಗೆಯ ಅಡಿಭಾಗದಲ್ಲಿ ಅಂಗೈ ಅಗಲ ಮಾಡಿ ನೋಡಿ.