ಬಾಲ್ ಪೈಥಾನ್ ಪೊರೆ ಚೂರುಚೂರಾಗಿ ಬರ್ತಿದೆ, ಬಾಲದಲ್ಲಿ ಉಂಗುರದ ಹಾಗೆ ಉಳಿದುಕೊಂಡಿದೆ

ಪ್ರಶ್ನೆ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ನಮ್ಮ ಬಾಲ್ ಪೈಥಾನ್‌ಗೆ (ಆಫ್ರಿಕಾದ ಸಣ್ಣ ಹೆಬ್ಬಾವು) ಈಗ ಒಂದೂವರೆ ವರ್ಷ. ಮೈಬಣ್ಣ ಆಲೆಮನೆ ಬೆಲ್ಲದ ಹಾಗಿದೆ ಅಂತ ಮನೆಯಲ್ಲಿ ಎಲ್ಲರೂ ಬೆಲ್ಲ ಅಂತಲೇ ಕರೆಯುತ್ತೇವೆ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆ.

ಇಷ್ಟು ದಿನ ಪೊರೆ ಒಂದೇ ತುಂಡಾಗಿ ಬರುತ್ತಿತ್ತು. ಈ ಸಲ ಮಾರ್ಚ್ ಬಿಸಿಲು ಶುರುವಾದ ಮೇಲೆ ಎಲ್ಲ ಕೆಟ್ಟಿದೆ. ಕಣ್ಣು ಮಬ್ಬಾಯಿತು, ಮತ್ತೆ ತಿಳಿಯಾಯಿತು, ಐದು ದಿನ ಬಿಟ್ಟು ಪೊರೆ ಬಿಡಲು ಶುರು ಮಾಡಿತು. ಆದರೆ ಚೂರುಚೂರಾಗಿ. ನಾಲ್ಕು ದಿನ ಆದರೂ ಬೆನ್ನ ಮೇಲೆ ಈರುಳ್ಳಿ ಸಿಪ್ಪೆ ಹಾಗೆ ಅಂಟಿಕೊಂಡಿದೆ. ಬಾಲದ ತುದಿಯಲ್ಲಿ ದಾರ ಬಿಗಿದ ಹಾಗೆ ಒಂದು ಉಂಗುರ. ಎಡಗಣ್ಣು ಸುಕ್ಕುಸುಕ್ಕಾಗಿ ಕಾಣುತ್ತಿದೆ.

ಟ್ಯಾಂಕಿನ ತೇವದ ಮೀಟರ್ ಶೇಕಡ 60 ತೋರಿಸುತ್ತಿದೆ. ಅದು ಸರಿಯಾಗಿಯೇ ಇದೆ ಅಲ್ವಾ? ಅಂಗಡಿಯವರು ಕೊಬ್ಬರಿ ಎಣ್ಣೆ ಹಚ್ಚಿ ಚಿಮಟದಲ್ಲಿ ಎಳೆಯಿರಿ ಅಂದರು. ನನಗೆ ಧೈರ್ಯ ಬರಲಿಲ್ಲ.

ಉತ್ತರ (ಮೈಸೂರು, ಕುವೆಂಪುನಗರ)

ಎಳೆಯದೇ ಇದ್ದದ್ದು ತುಂಬ ಒಳ್ಳೆಯದಾಯಿತು. ಎಣ್ಣೆಯೂ ಬೇಡ, ಚಿಮಟವೂ ಬೇಡ.

ಮೊದಲು ಕಣ್ಣಿನ ವಿಷಯ. ಹಾವಿಗೆ ರೆಪ್ಪೆ ಇಲ್ಲ. ಕಣ್ಣಿನ ಮೇಲೆ ಇರುವುದು ಗಾಜಿನಂಥ ಒಂದು ಹುರುಪೆ, ಅದೂ ಚರ್ಮದ ಭಾಗವೇ. ಪೊರೆಯ ಜೊತೆ ಅದೂ ಬರಬೇಕು. ಬಾರದೆ ಉಳಿದಾಗ ನಾವು ಕೀಳಲು ಹೋದರೆ ಕೆಳಗಿನ ಹೊಸ ಹುರುಪೆಯೂ ಕಿತ್ತು ಬರಬಹುದು. ಕಣ್ಣೇ ಹೋಗುತ್ತದೆ. ಸುಮ್ನೆ ಬಿಡಿ. ಎಷ್ಟೋ ಸಲ ಮುಂದಿನ ಪೊರೆಯ ಜೊತೆ ತಾನೇ ಬರುತ್ತದೆ. ಆಗಲೂ ಬರದಿದ್ದರೆ ಡಾಕ್ಟರ್ ಹತ್ತಿರವೇ ಹೋಗಬೇಕು.

ಬಾಲ ಮಾತ್ರ ತಡ ಮಾಡುವಂಥದ್ದಲ್ಲ. ಆ ಉಂಗುರ ಒಣಗುತ್ತಾ ಬಿಗಿಯಾಗಿ ರಕ್ತ ಓಡಾಡದ ಹಾಗೆ ಮಾಡುತ್ತದೆ. ತುದಿ ಕಪ್ಪಾಗಿದೆಯಾ ನೋಡಿ. ಕಪ್ಪಾಗಿದ್ದರೆ ಇವತ್ತೇ ಡಾಕ್ಟರ್‌ಗೆ ತೋರಿಸಿ. ಇಲ್ಲದಿದ್ದರೆ ಹೀಗೆ ಮಾಡಿ. ಗಾಳಿ ಆಡುವ ತೂತು ಇರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ 29–30 ಡಿಗ್ರಿ ನೀರು ಹಾಕಿ. ಥರ್ಮಾಮೀಟರ್ ಇಟ್ಟೇ ನೋಡಿ, ಕೈ ಅಂದಾಜು ಬೇಡ. ನೀರು ಅದರ ಅರ್ಧ ಮೈ ಮುಳುಗುವಷ್ಟು ಇದ್ದರೆ ಸಾಕು. 20 ನಿಮಿಷ, ಪಕ್ಕದಲ್ಲೇ ಕೂತಿರಿ. ಆಮೇಲೆ ಒದ್ದೆ ಟವೆಲ್ ಅನ್ನು ಸಡಿಲವಾಗಿ ಹಿಡಿದು ಅದರ ಮಡಿಕೆಗಳಲ್ಲಿ ಹಾವು ತಾನೇ ನುಸುಳಿ ಹೋಗಲಿ. ಬೆನ್ನಿನದು ಹಾಗೇ ಬಿಡುತ್ತದೆ. ಬಾಲಕ್ಕೆ ಮಾತ್ರ ಒದ್ದೆ ಬಡ್ಸ್ ತಗೊಂಡು, ಮೈ ಕಡೆಯಿಂದ ತುದಿ ಕಡೆಗೆ ಮೆಲ್ಲಗೆ ಉರುಳಿಸಿ. ಸರಿಯದಿದ್ದರೆ ಬಿಟ್ಟುಬಿಡಿ, ನಾಳೆ ಮತ್ತೆ ನೆನೆಸಿ.

ಈಗ ಅಸಲು ಪ್ರಶ್ನೆ. ಹಳೆ ಪೊರೆಗೂ ಹೊಸ ಚರ್ಮಕ್ಕೂ ನಡುವೆ ತೆಳ್ಳಗೆ ಒಂದು ದ್ರವ ಬರುತ್ತದೆ. ಕಣ್ಣು ಮಬ್ಬಾಗುವುದು ಅದರಿಂದಲೇ. ಗಾಳಿ ಒಣಗಿದ್ದರೆ ಪೊರೆ ಬಿಡುವ ಮೊದಲೇ ಎಲ್ಲ ಒಣಗಿ ಅಂಟಿಕೊಳ್ಳುತ್ತದೆ. 60 ನಿಜವಾಗಿದ್ದರೆ ಇಷ್ಟು ಕೆಡುತ್ತಿರಲಿಲ್ಲ. ನಿಮ್ಮದು ಮುಳ್ಳಿನ ಮೀಟರ್ ಅಲ್ವಾ? ಅದರ ಮೇಲೆ ನನಗೆ ಅನುಮಾನ.

ಉಪ್ಪಿನ ಪರೀಕ್ಷೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ನಾಲ್ಕು ಹನಿ ನೀರು ಬಿಡಿ. ಹಸಿ ಮರಳಿನ ಹಾಗಾಗಬೇಕು, ಕರಗಬಾರದು. ಅದನ್ನೂ ಮೀಟರನ್ನೂ ಒಂದು ಜಿಪ್ ಕವರಿನಲ್ಲಿ ಹಾಕಿ ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ 75 ತೋರಿಸಬೇಕು.

ಪ್ರಶ್ನೆ (ಮಂಡ್ಯ)

ಅಣ್ಣ, 92 ತೋರಿಸುತ್ತಿದೆ! ಬಾಲದ ತುದಿ ಕಪ್ಪಾಗಿಲ್ಲ. ನಿನ್ನೆ ನೆನೆಸಿದ ಮೇಲೆ ಬೆನ್ನಿನ ಸಿಪ್ಪೆ ಮುಕ್ಕಾಲು ಭಾಗ ಟವೆಲ್‌ನಲ್ಲೇ ಉಳಿಯಿತು. ಉಂಗುರ ಸಡಿಲ ಆಗಿದೆ, ಬಂದಿಲ್ಲ.

ಉತ್ತರ (ಮೈಸೂರು, ಕುವೆಂಪುನಗರ)

ನೋಡಿ, 17 ಜಾಸ್ತಿ. ಅಂದರೆ ನೀವು 60 ಅಂದುಕೊಂಡಿದ್ದು ಸುಮಾರು 43. ಡಿಜಿಟಲ್ ಮೀಟರ್ ತಗೊಳ್ಳಿ, ಅದನ್ನೂ ಉಪ್ಪಿನಲ್ಲಿ ಪರೀಕ್ಷೆ ಮಾಡಿಯೇ ಇಡಿ. ಮಾಮೂಲಿ ದಿನಗಳಲ್ಲಿ 55–60, ಕಣ್ಣು ಮಬ್ಬಾದಾಗ 70ರ ಹತ್ತಿರ ಇರಲಿ.

ಟ್ಯಾಂಕಿನ ಮುಚ್ಚಳ ಪೂರ್ತಿ ಜಾಲರಿನಾ? ಕೆಳಗೆ ಹಾಸಿರುವುದು ಪೇಪರಾ?

ಪ್ರಶ್ನೆ (ಮಂಡ್ಯ)

ಹೌದು, ಎರಡೂ. ಮೇಲೆ ಫ್ಯಾನ್ ಬೇರೆ ಇಡೀ ದಿನ ತಿರುಗುತ್ತದೆ.

ಉತ್ತರ (ಮೈಸೂರು, ಕುವೆಂಪುನಗರ)

ತೇವ ಹೋಗುತ್ತಿರುವುದು ಅಲ್ಲೇ. ಜಾಲರಿಯ ಮುಕ್ಕಾಲು ಭಾಗ ಮುಚ್ಚಿ, ಗಾಳಿಗೆ ಕಾಲು ಭಾಗ ಬಿಡಿ. ಪೇಪರ್ ತೆಗೆದು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಎರಡು ಇಂಚು ಹಾಸಿ. ನಿಮ್ಮ ಕಡೆ ನರ್ಸರಿಗಳಲ್ಲಿ ಧಾರಾಳವಾಗಿ ಸಿಗುತ್ತದೆ, ಗೊಬ್ಬರ ಬೆರೆಸದೇ ಇರುವುದನ್ನೇ ಕೇಳಿ. ಹಿಡಿಯಲ್ಲಿ ಹಿಂಡಿದರೆ ಉಂಡೆ ಆಗಬೇಕು, ನೀರು ತೊಟ್ಟಿಕ್ಕಬಾರದು. ಹೊಟ್ಟೆಯ ಕೆಳಗೆ ಯಾವಾಗಲೂ ರಾಡಿ ಇದ್ದರೆ ಅಲ್ಲಿನ ಹುರುಪೆ ಕೊಳೆಯುತ್ತದೆ. ಐಸ್‌ಕ್ರೀಂ ಡಬ್ಬಿಗೆ ಬಾಗಿಲು ಕೊರೆದು, ಅಂಚು ಉಜ್ಜಿ ನುಣುಪು ಮಾಡಿ, ಒಳಗೆ ಒದ್ದೆ ಪಾಚಿ (ಮಾಸ್) ಹಾಕಿಡಿ. ಪೊರೆ ಬಿಡುವ ಕಾಲಕ್ಕೆ ಅದೇ ಹೋಗಿ ಕೂರುತ್ತದೆ. ನನ್ನ ಹಾವು ಕಣ್ಣು ಮಬ್ಬಾದ ದಿನವೇ ಆ ಡಬ್ಬಿ ಸೇರುತ್ತದೆ, ಮೂತಿ ಮಾತ್ರ ಹೊರಗೆ.

ನೀರಿನ ಬಟ್ಟಲಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ ಕಂಡರೆ ಹೇಳಿ. ರಕ್ತ ಹೀರುವ ನುಸಿ ಹುಳ (ಮೈಟ್) ಇದ್ದರೂ ಪೊರೆ ಹೀಗೇ ಕೆಡುತ್ತದೆ.

ಇನ್ನೊಬ್ಬರು (ಶ್ರೀರಂಗಪಟ್ಟಣ)

ನಮ್ಮ ಕಬ್ಬಿನ ಗದ್ದೆಯಲ್ಲಿ ಸಿಕ್ಕ ಹೆಬ್ಬಾವಿನ ಮರಿಗೂ ಪೊರೆ ಹೀಗೇ ಅಂಟಿದೆ. ಮನೆಯಲ್ಲಿ ಇಟ್ಟುಕೊಂಡು ಇದನ್ನೇ ಮಾಡಬಹುದಾ?

ಉತ್ತರ (ಮೈಸೂರು, ಕುವೆಂಪುನಗರ)

ಬೇಡ ಸರ್. ನಮ್ಮ ಕಾಡಿನ ಹಾವನ್ನು ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಬಾಲ್ ಪೈಥಾನ್ ಆಫ್ರಿಕಾದ್ದು, ಅದರ ನಿಯಮ ಬೇರೆ. ನಿಮ್ಮ ಮರಿಯ ವಿಷಯ ಇವತ್ತೇ ಅರಣ್ಯ ಇಲಾಖೆಗೆ ತಿಳಿಸಿ.

ಪ್ರಶ್ನೆ (ಮಂಡ್ಯ)

ಮೂರನೇ ದಿನ ಉಂಗುರ ಬಡ್ಸ್‌ಗೇ ಅಂಟಿಕೊಂಡು ಬಂತು ಅಣ್ಣ. ಅದರ ಕೆಳಗೆ ಬಾಲ ಸ್ವಲ್ಪ ಸಣಕಲಾಗಿದೆ, ಬಣ್ಣ ಚೆನ್ನಾಗಿದೆ. ನನಗೆ ಹೋದ ಜೀವ ಬಂದ ಹಾಗಾಯಿತು. ಬಟ್ಟಲಲ್ಲಿ ಹುಳ ಇಲ್ಲ. ಹೊಸ ಮೀಟರ್ ಈಗ 58. ಎಡಗಣ್ಣು ಇನ್ನೂ ಸುಕ್ಕಾಗಿದೆ, ಮುಟ್ಟಿಲ್ಲ. ಮುಂದಿನ ಪೊರೆ ಬಿಟ್ಟಾಗ ತಲೆಯ ಭಾಗ ಬಿಡಿಸಿ, ಎರಡು ಕಣ್ಣಿನದೂ ಬಂದಿದೆಯಾ ನೋಡಿ ಇಲ್ಲೇ ಬರೆಯುತ್ತೇನೆ.