ಪೆನ್ ಡ್ರೈವ್‌ನಿಂದ ಮಿಂಟ್ ತೆರೆಯುತ್ತದೆ, ಲ್ಯಾಪ್‌ಟಾಪ್‌ನ ಡಿಸ್ಕ್ ಮಾತ್ರ ಕಾಣಿಸುವುದಿಲ್ಲ

ಕಾಳುಮೆಣಸು (ಸಿದ್ದಾಪುರ):

ನಮಸ್ಕಾರ. ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಆಗಿದ್ದೇನೆ. ಚೆಕ್‌ರೋಲ್ (ಕೂಲಿಯವರ ಹಾಜರಿ ಪಟ್ಟಿ), ಬಟವಾಡೆ, ಗೊಬ್ಬರದ ದಾಸ್ತಾನು ಎಲ್ಲವೂ ಕಚೇರಿಯ ಒಂದೇ ಲ್ಯಾಪ್‌ಟಾಪ್‌ನಲ್ಲಿವೆ. ಇಂಟೆಲ್ 7ನೇ ತಲೆಮಾರಿನ ಐ5, 8 ಜಿಬಿ ರ್‍ಯಾಮ್, 256 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಡಿಸ್ಕ್. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಈ ಪ್ರೊಸೆಸರ್ ಸಲ್ಲುವುದಿಲ್ಲ. ಹಾಗಾಗಿ ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ ಉಚಿತ ವ್ಯವಸ್ಥೆಯಾದ ಲಿನಕ್ಸ್ ಮಿಂಟ್ 22ರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಮಡಿಕೇರಿಯಲ್ಲಿ ಇಳಿಸಿಕೊಂಡು ಪೆನ್ ಡ್ರೈವ್ ಸಿದ್ಧಮಾಡಿದೆ.

ಪೆನ್ ಡ್ರೈವ್‌ನಿಂದ ಮಿಂಟ್ ಚೆನ್ನಾಗಿ ತೆರೆಯುತ್ತದೆ. ವೈಫೈ, ಧ್ವನಿ, ಟಚ್‌ಪ್ಯಾಡ್ ಎಲ್ಲ ಸರಿ ಇವೆ. ಇನ್‌ಸ್ಟಾಲ್ ಮಾಡಲು ಹೊರಟರೆ ಮಾತ್ರ ಪಟ್ಟಿಯಲ್ಲಿ ಪೆನ್ ಡ್ರೈವ್ ಬಿಟ್ಟು ಬೇರೆ ಡಿಸ್ಕ್ ಇಲ್ಲ. ವಿಂಡೋಸ್ ಎಂದಿನಂತೆ ನಡೆಯುತ್ತಿದೆ, ಆದ್ದರಿಂದ ಡಿಸ್ಕ್ ಕೆಟ್ಟಿರಲಾರದು. ತೋಟದ ಲೆಕ್ಕದ ತಂತ್ರಾಂಶ ವಿಂಡೋಸ್‌ನಲ್ಲಿ ಮಾತ್ರ ಓಡುವುದರಿಂದ ಎರಡೂ ಬೇಕು. ಏನು ಮಾಡಲಿ?

ಹಾರಂಗಿ (ಕುಶಾಲನಗರ):

ಬಯೋಸ್‌ಗೆ (ಯಂತ್ರ ಆನ್ ಆಗುವಾಗಲೇ ತೆರೆಯಬಹುದಾದ ಮೂಲ ಸೆಟ್ಟಿಂಗ್ಸ್) ಹೋಗಿ. ಡಿಸ್ಕ್ ನಡೆಸುವ ವಿಧಾನ ಆರಿಸುವ ಸಾಟಾ ಆಪರೇಷನ್ ಎಂಬಲ್ಲಿ ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ನಡೆಸುವ ವಿಧಾನ) ಎಂದಿರುತ್ತದೆ, ಅದನ್ನು ಎಎಚ್‌ಸಿಐ (ಡಿಸ್ಕ್‌ಗಳನ್ನು ಬಿಡಿಯಾಗಿ ನಡೆಸುವ ಸಾಮಾನ್ಯ ವಿಧಾನ) ಮಾಡಿ ಉಳಿಸಿ. ಡಿಸ್ಕ್ ಕಾಣಿಸುತ್ತದೆ.

ಕೋಟೆಬೆಟ್ಟ (ಸೋಮವಾರಪೇಟೆ):

ಕಾಳುಮೆಣಸು ಅವರೇ, ದಯವಿಟ್ಟು ಈಗಲೇ ಬಯೋಸ್ ಮುಟ್ಟಬೇಡಿ. ಹಾರಂಗಿಯವರು ಹೇಳಿದ ಕಾರಣ ಸರಿಯೇ ಇರಬೇಕು. ಆದರೆ ವಿಂಡೋಸ್ ಉಳಿಸಿಕೊಳ್ಳಬೇಕಾದವರು ನೇರವಾಗಿ ಅದನ್ನು ಬದಲಿಸಿದರೆ, ಮುಂದಿನ ಸಲ ವಿಂಡೋಸ್ ನೀಲಿ ಪರದೆ ತೋರಿಸಿ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ನಿಂತುಬಿಡುತ್ತದೆ. ಕೂಲಿಯವರ ಲೆಕ್ಕವಿರುವ ಯಂತ್ರದಲ್ಲಿ ಆ ಗಾಬರಿ ಬೇಡ.

ಮೊದಲು ಕಾರಣ ಖಚಿತಪಡಿಸಿಕೊಳ್ಳೋಣ. ಪೆನ್ ಡ್ರೈವ್‌ನಿಂದ ಮಿಂಟ್ ತೆರೆದು, ಮೆನುವಿನಲ್ಲಿ ‘ಲಾಗ್ಸ್’ ಎಂಬ ತಂತ್ರಾಂಶದಲ್ಲಿ ಹಾರ್ಡ್‌ವೇರ್ ಸಂದೇಶಗಳನ್ನು ನೋಡಿ. ‘ರೀಮ್ಯಾಪ್ಡ್ ಎನ್‌ವಿಎಂಇ’ ಎಂಬ ಪದಗಳಿರುವ ಸಾಲು ಸಿಕ್ಕಿದರೆ ಅನುಮಾನ ಉಳಿಯುವುದಿಲ್ಲ. ರೇಡ್ ಬಿಟ್ಟು ಎಎಚ್‌ಸಿಐಗೆ ಬದಲಿಸಿ ಎಂದು ಆ ಸಾಲೇ ಸಲಹೆ ಕೊಡುತ್ತದೆ. ಒಂದೇ ಡಿಸ್ಕ್ ಇರುವ ಲ್ಯಾಪ್‌ಟಾಪ್‌ಗಳನ್ನೂ ಕೆಲವು ತಯಾರಕರು ರೇಡ್ ಸ್ಥಿತಿಯಲ್ಲಿ ಇಟ್ಟೇ ಮಾರುತ್ತಾರೆ. ಆಗ ಎನ್‌ವಿಎಂಇ ಡಿಸ್ಕ್ ಇಂಟೆಲ್‌ನ ಸಾಟಾ ಕಂಟ್ರೋಲರ್‌ನ ಹಿಂದೆ ಅಡಗುತ್ತದೆ. ಇಂಟೆಲ್‌ನ ಚಾಲಕ ತಂತ್ರಾಂಶವಿರುವ ವಿಂಡೋಸ್‌ಗೆ ಅದು ಕಾಣುತ್ತದೆ, ಲಿನಕ್ಸ್‌ಗೆ ಕಾಣುವುದಿಲ್ಲ.

ಜೊತೆಗೆ ಇನ್ನೊಂದು ವಿಷಯ ತಿಳಿಸಿ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಡಿಸ್ಕ್‌ನಲ್ಲಿರುವುದನ್ನು ಗುಪ್ತಲಿಪಿಯಾಗಿಸಿ ಬೀಗ ಹಾಕುವ ಡಿವೈಸ್ ಎನ್‌ಕ್ರಿಪ್ಷನ್ ಅಥವಾ ಬಿಟ್‌ಲಾಕರ್ ಚಾಲೂ ಇದೆಯೇ?

ಕಾಳುಮೆಣಸು:

ನೀವು ಹೇಳಿದ ಸಾಲು ಇದೆ ಸರ್. ಡಿವೈಸ್ ಎನ್‌ಕ್ರಿಪ್ಷನ್ ಕೂಡ ಚಾಲೂ ಇದೆ. ನಾನಾಗಿ ಅದನ್ನು ಎಂದೂ ಚಾಲೂ ಮಾಡಿಲ್ಲ.

ಕೋಟೆಬೆಟ್ಟ:

ನೀವು ಮಾಡಬೇಕಾಗಿಯೂ ಇಲ್ಲ. ಅದಕ್ಕೆ ಬೇಕಾದ ಹಾರ್ಡ್‌ವೇರ್ ಇದ್ದು, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ವಿಂಡೋಸ್ ತಾನೇ ಚಾಲೂ ಮಾಡಿಕೊಳ್ಳುತ್ತದೆ. ಬಯೋಸ್‌ನಲ್ಲಿ ಇಂಥ ಬದಲಾವಣೆ ಕಂಡಾಗ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆ ಕೀ ಇಲ್ಲದಿದ್ದರೆ ಡಿಸ್ಕ್‌ನಲ್ಲಿರುವುದು ಯಾರ ಕೈಗೂ ಸಿಗದು, ಯಾವ ಅಂಗಡಿಯವರಿಗೂ ತೆಗೆದುಕೊಡಲು ಸಾಧ್ಯವಿಲ್ಲ. ಹಾಗಾಗಿ ಇವತ್ತೇ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಚೆಕ್‌ರೋಲ್ ಮತ್ತು ಲೆಕ್ಕದ ಕಡತಗಳನ್ನು ಇನ್ನೊಂದು ಡ್ರೈವ್‌ಗೆ ನಕಲು ಮಾಡಿ, ಆ ನಕಲು ಬೇರೆ ಕಂಪ್ಯೂಟರ್‌ನಲ್ಲಿ ತೆರೆಯುತ್ತದೆಯೇ ಎಂದೂ ನೋಡಿ.

ಆಮೇಲೆ ಡಿವೈಸ್ ಎನ್‌ಕ್ರಿಪ್ಷನ್ ಆಫ್ ಮಾಡಿ, ಡಿಸ್ಕ್‌ನ ಗುಪ್ತಲಿಪಿ ಪೂರ್ತಿ ಬಿಡಿಸಿ ಮುಗಿಯುವವರೆಗೆ ಕಾಯಿರಿ. ಇದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು. ಈ ಮಳೆಯಲ್ಲಿ ನಿಮ್ಮ ಕಡೆ ಮರ ಬಿದ್ದು ತಂತಿ ಕಡಿದರೆ ಕರೆಂಟ್ ಮರುದಿನವೇ ಬರುವುದು. ಬ್ಯಾಟರಿ ಹಳೆಯದಾಗಿದ್ದರೆ ಇನ್ವರ್ಟರ್ ಇರುವ ಕಡೆ ಕುಳಿತೇ ಈ ಕೆಲಸಕ್ಕೆ ಕೈ ಹಾಕಿ.

ಈಗ ಬಯೋಸ್. ವಿಂಡೋಸ್‌ನಲ್ಲಿ ‘ಸಿಸ್ಟಂ ಕಾನ್ಫಿಗರೇಷನ್’ ತೆರೆದು, ಬೂಟ್ ಟ್ಯಾಬ್‌ನಲ್ಲಿ ‘ಸೇಫ್ ಬೂಟ್’ಗೆ ಗುರುತು ಹಾಕಿ. ಸೇಫ್ ಮೋಡ್‌ನಲ್ಲಿ ಪಿನ್ ಕೆಲಸ ಮಾಡದೇ ಇರಬಹುದು, ಖಾತೆಯ ಪಾಸ್‌ವರ್ಡ್ ನೆನಪಿರಲಿ. ಮರುಚಾಲನೆ ಮಾಡುವಾಗಲೇ ಬಯೋಸ್‌ಗೆ ಹೋಗಿ ರೇಡ್ ತೆಗೆದು ಎಎಚ್‌ಸಿಐ ಆರಿಸಿ ಉಳಿಸಿ. ವಿಂಡೋಸ್ ಸೇಫ್ ಮೋಡ್‌ನಲ್ಲಿ ತೆರೆಯುತ್ತದೆ, ಬೇಕಾದ ಚಾಲಕವನ್ನು ತಾನೇ ಹಾಕಿಕೊಳ್ಳುತ್ತದೆ. ಬಳಿಕ ಆ ಗುರುತು ತೆಗೆದು ಮತ್ತೆ ಮರುಚಾಲನೆ ಮಾಡಿದರೆ ವಿಂಡೋಸ್ ಎಂದಿನಂತೆ ಬರುತ್ತದೆ. ಇನ್ನು ಮಿಂಟ್‌ಗೂ ಡಿಸ್ಕ್ ಕಾಣುತ್ತದೆ.

ಇದನ್ನು ಓದುವ ಬೇರೆಯವರಿಗೆ: ಹಾರ್ಡ್ ಡಿಸ್ಕ್ ಜೊತೆ ಅದರ ವೇಗ ಹೆಚ್ಚಿಸುವ 16 ಜಿಬಿಯ ಆಪ್ಟೇನ್ ಮೆಮೊರಿ ಇರುವ ಯಂತ್ರವಾದರೆ, ಮೊದಲು ಇಂಟೆಲ್‌ನ ತಂತ್ರಾಂಶದಿಂದ ಆಪ್ಟೇನ್ ಜೋಡಣೆಯನ್ನು ಬಿಡಿಸಬೇಕು. ನಿಜವಾಗಿಯೂ ಎರಡು ಡಿಸ್ಕ್‌ಗಳ ರೇಡ್ ಇದ್ದರೆ ಈ ದಾರಿಯೇ ಬೇಡ.

ಹಾರಂಗಿ:

ಸೇಫ್ ಬೂಟ್ ವಿಷಯ ಸೇರಿಸಿದ್ದು ಒಳ್ಳೆಯದಾಯಿತು. ನಾನು ಹೇಳಿದ್ದು ವಿಂಡೋಸ್ ಪೂರ್ತಿ ಅಳಿಸುವವರಿಗೆ ಸರಿ. ಜಾಗ ಮಾಡುವ ವಿಷಯದಲ್ಲಿ ನನ್ನದೊಂದು ಮಾತು: ಸಿ ಡ್ರೈವ್ ಚಿಕ್ಕದು ಮಾಡುವುದನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಮಾಡಿ. ಮಿಂಟ್‌ಗೆ ಕನಿಷ್ಠ 20 ಜಿಬಿ ಸಾಕು, ಆದರೆ 100 ಜಿಬಿ ಕೊಟ್ಟರೆ ಆರಾಮ. ಖಾಲಿ ಬಿಟ್ಟ ಜಾಗವನ್ನು ಇನ್‌ಸ್ಟಾಲರ್ ಬಳಸಿಕೊಳ್ಳಲಿ. ಇಎಫ್‌ಐ ಎಂಬ ಪುಟ್ಟ ವಿಭಾಗ ಕಂಡರೆ ಅದನ್ನು ಫಾರ್ಮ್ಯಾಟ್ ಮಾಡಬೇಡಿ, ವಿಂಡೋಸ್ ಬೂಟ್ ಆಗುವುದು ಅದರಿಂದಲೇ.

ಕಾಳುಮೆಣಸು:

ಎಲ್ಲವೂ ನೀವು ಹೇಳಿದ ಕ್ರಮದಲ್ಲೇ ಆಯಿತು. ಡಿಸ್ಕ್ ಕಾಣಿಸಿತು, ಮಿಂಟ್ ಕುಳಿತಿತು, ಆನ್ ಮಾಡಿದಾಗ ಎರಡರಲ್ಲಿ ಯಾವುದು ಎಂದು ಕೇಳುತ್ತದೆ. ತುಂಬಾ ಧನ್ಯವಾದಗಳು. ಮೂರು ಸಂಗತಿ ಉಳಿದಿವೆ. ಮಿಂಟ್‌ನಿಂದ ವಿಂಡೋಸ್ ಡ್ರೈವ್ ತೆರೆದರೆ ಓದಬಹುದು, ಉಳಿಸಲು ಬಿಡುವುದಿಲ್ಲ. ವಿಂಡೋಸ್‌ಗೆ ಹೋದರೆ ಗಡಿಯಾರ ಐದೂವರೆ ಗಂಟೆ ಹಿಂದಿರುತ್ತದೆ. ನುಡಿ ತಂತ್ರಾಂಶದಲ್ಲಿ ಬರೆದ ಹಳೆಯ ಕನ್ನಡ ಪತ್ರಗಳು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ.

ಕೋಟೆಬೆಟ್ಟ:

ಬಹಳ ಸಂತೋಷ. ಮೊದಲನೆಯದಕ್ಕೆ ಕಾರಣ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್. ಶಟ್ ಡೌನ್ ಒತ್ತಿದರೂ ಅದು ಪೂರ್ತಿ ಮುಚ್ಚದೆ ಅರ್ಧ ನಿದ್ದೆಯಲ್ಲಿರುತ್ತದೆ. ಆ ಸ್ಥಿತಿಯ ಡ್ರೈವ್‌ನಲ್ಲಿ ಬರೆದರೆ ಕಡತಗಳು ಕೆಡುತ್ತವೆ ಎಂದು ಲಿನಕ್ಸ್ ತಡೆಯುತ್ತಿದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಗುಂಡಿ ಏನು ಮಾಡಬೇಕು ಎಂದು ಆರಿಸುವ ಕಡೆ ಫಾಸ್ಟ್ ಸ್ಟಾರ್ಟಪ್ ತೆಗೆದುಬಿಡಿ. ಮಿಂಟ್‌ನಲ್ಲಿ ಬಲವಂತವಾಗಿ ಬರೆಯುವ ಉಪಾಯಗಳು ಹುಡುಕಿದರೆ ಸಿಗುತ್ತವೆ, ಅವುಗಳ ತಂಟೆಗೆ ಹೋಗಬೇಡಿ.

ಗಡಿಯಾರದ್ದು ದೊಡ್ಡ ತೊಂದರೆಯಲ್ಲ. ಯಂತ್ರದೊಳಗಿನ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಕಾಲವೆಂದು ಓದುತ್ತದೆ, ಲಿನಕ್ಸ್ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಕಾಲ) ಎಂದು ಇಡುತ್ತದೆ. ಭಾರತದ ಕಾಲ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಟೈಮ್‌ಡೇಟ್‌ಸಿಟಿಎಲ್ ಎಂಬ ಆಜ್ಞೆಯಿಂದ ಮಿಂಟ್ ಕೂಡ ಸ್ಥಳೀಯ ಕಾಲವನ್ನೇ ಇಡುವಂತೆ ಮಾಡಬಹುದು.

ನುಡಿಯ ಹಳೆಯ ಪತ್ರಗಳು ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿಲ್ಲ. ಓದಿದರೆ ಸಾಕು ಎಂದಾದರೆ ವಿಂಡೋಸ್‌ನಲ್ಲಿರುವ ಆ ಫಾಂಟ್‌ಗಳನ್ನು ಮಿಂಟ್‌ಗೂ ಹಾಕಿ. ಮುಂದೆಯೂ ತಿದ್ದುವ ಪತ್ರಗಳನ್ನು ಮಾತ್ರ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ ಸರಿಪಡಿಸಿ. ಹೊಸದಾಗಿ ಬರೆಯಲು, ಲಿನಕ್ಸ್‌ನಲ್ಲಿ ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್‌ಗೆ ಎಂ17ಎನ್ ಪ್ಯಾಕೇಜ್ ಸೇರಿಸಿ, ಲಾಗ್ ಔಟ್ ಆಗಿ ಬಂದು ಕನ್ನಡ ಕೆಜಿಪಿ ಎಂಬ ಕೀಲಿಮಣೆ ಆರಿಸಿ. ನುಡಿಯಲ್ಲಿ ಕೈಗೆ ಕುಳಿತ ಕೀಲಿಮಣೆಯೇ ಅಲ್ಲಿಯೂ ಇದೆ.

ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿರುವುದರಿಂದ ಅದನ್ನು ಲೆಕ್ಕಕ್ಕೆ ಮಾತ್ರ ತೆರೆಯಿರಿ. ಬ್ಯಾಂಕ್, ಇಮೇಲ್ ಎಲ್ಲ ಮಿಂಟ್‌ನಿಂದಲೇ ಆಗಲಿ. ಮಿಂಟ್‌ನ ವ್ಯವಸ್ಥೆಯನ್ನು ಆಗಾಗ ನಕಲು ಮಾಡಿಡುವ ಟೈಮ್‌ಶಿಫ್ಟ್ ಕೂಡ ಇವತ್ತೇ ಹೊಂದಿಸಿ. ಅಪ್‌ಡೇಟ್ ನಡುವೆ ಕರೆಂಟ್ ಹೋಗಿ ವ್ಯವಸ್ಥೆ ಕೆಟ್ಟರೆ ಹಿಂದಿನ ಸ್ಥಿತಿಗೆ ತರಬಹುದು. ಆದರೆ ಅದು ನಿಮ್ಮ ಹೋಮ್ ಫೋಲ್ಡರ್‌ನ ಕಡತಗಳನ್ನು ತಾನಾಗಿ ಸೇರಿಸುವುದಿಲ್ಲ. ಚೆಕ್‌ರೋಲನ್ನು ಪ್ರತಿ ಬಟವಾಡೆ ಮುಗಿದ ಮೇಲೆ ಬೇರೆ ಡ್ರೈವ್‌ಗೆ ನೀವೇ ನಕಲು ಮಾಡಿಕೊಳ್ಳಬೇಕು.